ಹೀಬ್ರೂ, ಚೈನೀಸ್ ಹೋಲಿಸೋದು ಹೇಗೆ?

ಮೊದಲು ಲಿಪಿ ನೋಡಿ. ಹೀಬ್ರೂಗೆ 22 ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ರಾಯಚೂರಿನ ಅಂಗಡಿಗಳ ಉರ್ದು ಬೋರ್ಡು ಓದೋರಿಗೆ ಇದೇನು ಹೊಸದಲ್ಲ. ಉರ್ದುವಿನ ಹಾಗೇ ಇಲ್ಲೂ ಸ್ವರಗಳನ್ನು ಹೆಚ್ಚಾಗಿ ಬರೆಯೋದಿಲ್ಲ, ಅಂದಾಜಲ್ಲಿ ಓದಬೇಕು. ಚೈನೀಸಲ್ಲಿ ವರ್ಣಮಾಲೆಯೇ ಇಲ್ಲ. ಪೇಪರ್ ಓದೋಕೆ ಎರಡು-ಮೂರು ಸಾವಿರ ಚಿಹ್ನೆ ಗೊತ್ತಿರಬೇಕು.

ಆಮೇಲೆ ಒಂದೇ ಕ್ರಿಯಾಪದ ತಗೊಂಡು ಎರಡರಲ್ಲೂ ಬರೆದು ನೋಡಿ, ಅಸಲಿ ವ್ಯತ್ಯಾಸ ಸಿಗೋದು ಇಲ್ಲೇ. ಹೀಬ್ರೂನಲ್ಲಿ 'ಕಾತವ್' ಅಂದ್ರೆ ಬರೆದನು, 'ಕಾತ್ವಾ' ಬರೆದಳು, 'ಮಿಖ್ತಾವ್' ಪತ್ರ. ಮೂರು ವ್ಯಂಜನದ ಬೇರು ಒಂದೇ, ಸುತ್ತಲಿನದು ಬದಲಾಗುತ್ತೆ. ಚೈನೀಸಿನ 'ಶಿಯೆ' (ಬರೆ) ಅವನಿಗೂ ಅವಳಿಗೂ, ನಿನ್ನೆಗೂ ನಾಳೆಗೂ ಅದೇ. ಸುಲಭ ಅಲ್ವಾ? ತಾಳಿ. ಚೈನೀಸಿನ ಮುಖ್ಯ ರೂಪವಾದ ಮ್ಯಾಂಡರಿನ್‌ನಲ್ಲಿ ದನಿಯ ಏರಿಳಿತ 4 ಬಗೆ: 'ಮಾ' ಅಂತ ಎತ್ತರದ ದನಿಯಲ್ಲಿ ಸಮವಾಗಿ ಎಳೆದರೆ ಅಮ್ಮ, ತಗ್ಗಿಸಿ ಎತ್ತಿದರೆ ಕುದುರೆ. ಸುಮ್ನೆ ಕಣ್ಣಲ್ಲಿ ಓದಬೇಡಿ, ಜೋರಾಗಿ ಹೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ.