ಬಸ್ತರ್‌ನಲ್ಲಿ ಬೇರೆಯವರ ವೋಟು ಕಾದೆ, ಈಗ ನಮ್ಮ ಹುಡುಗರ ವೋಟಿನ ಹಿಂದೆ ಬಿದ್ದಿದ್ದೇನೆ

ನಾನು ಸಿಆರ್‌ಪಿಎಫ್‌ನಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು. ಊರು ಬೈಲಹೊಂಗಲದ ಹತ್ತಿರ. ನಮ್ಮ ಕಡೆ ಓಣಿಗೊಬ್ಬ ಸೈನಿಕ ಸಿಗುತ್ತಾನೆ. ಚುನಾವಣೆ ಬಂತೆಂದರೆ ಈ ಹುಡುಗರ ಅಂಚೆ ಮತದ ಬೆನ್ನು ಹತ್ತುತ್ತೇನೆ. ಫೋನ್ ಮೇಲೆ ಫೋನ್. ‘ಒಂದು ವೋಟಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ತೀರಿ?’ ಅಂತ ಕೇಳುವವರಿದ್ದಾರೆ. ಛತ್ತೀಸ್‌ಗಢದ ಬಸ್ತರ್ ಭಾಗದ ಸುಕ್ಮಾದಲ್ಲಿ ಎಲೆಕ್ಷನ್ ಡ್ಯೂಟಿ ಮಾಡಿದವರು ಮಾತ್ರ ಹಾಗೆ ಕೇಳುವುದಿಲ್ಲ.

2018ರ ನವೆಂಬರ್ 12ರಂದು ಛತ್ತೀಸ್‌ಗಢ ವಿಧಾನಸಭೆಗೆ ಮೊದಲ ಹಂತದ ಮತದಾನ, 18 ಕ್ಷೇತ್ರಗಳಲ್ಲಿ. ಕೋಂಟಾ, ದಂತೇವಾಡ, ಬಿಜಾಪುರ (ನಮ್ಮ ವಿಜಯಪುರ ಅಲ್ಲ, ಅಲ್ಲಿಯದು) ಸೇರಿ 10 ಕಡೆ ಬೆಳಿಗ್ಗೆ 7ಕ್ಕೆ ಶುರು, ಮಧ್ಯಾಹ್ನ 3ಕ್ಕೆ ಮುಕ್ತಾಯ. ಕತ್ತಲಾಗುವ ಮೊದಲೇ ಯಂತ್ರ, ಸಿಬ್ಬಂದಿ ಎಲ್ಲ ವಾಪಸ್ ಹೊರಡಬೇಕಿತ್ತು. ಮಾವೋವಾದಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರು. ಅಕ್ಟೋಬರ್ 30ರಂದು ದಂತೇವಾಡದ ನೀಲವಾಯಾದಲ್ಲಿ ಚುನಾವಣೆ ಸುದ್ದಿ ಮಾಡಲು ಬಂದಿದ್ದ ದೂರದರ್ಶನದ ಕ್ಯಾಮೆರಾಮನ್‌ನನ್ನು, ಜೊತೆಗಿದ್ದ ಪೊಲೀಸರನ್ನು ಕೊಂದಿದ್ದರು.

ನಮ್ಮ ಜೊತೆ ಬಂದ ಮತಗಟ್ಟೆ ಸಿಬ್ಬಂದಿಯಲ್ಲಿ ಹೆಚ್ಚಿನವರು ಶಾಲೆ ಮೇಷ್ಟ್ರು. ದಾರಿ ಇದ್ದರೂ ದಾರಿ ಬಿಟ್ಟು ನಡೆಯಬೇಕು, ಯಾಕಂದರೆ ಬಾಂಬ್ ಹೂಳುವುದು ಜನ ನಡೆಯುವ ದಾರಿಯಲ್ಲೇ. ಗದ್ದೆ ಬದು, ಹಳ್ಳ, ಕಾಡು, ಒಬ್ಬರ ಹಿಂದೆ ಒಬ್ಬರು, ಮುಂದಿನವನು ಕಾಲಿಟ್ಟಲ್ಲೇ ಕಾಲಿಡುತ್ತಾ ಮತಯಂತ್ರ ಹೊತ್ತು ಹೋದೆವು. ಮೇಷ್ಟ್ರುಗಳಿಗೆ ಇದೆಲ್ಲ ಯಾರೂ ಕಲಿಸಿದ್ದಲ್ಲ. ಹೆದರಿಕೊಂಡೇ ನಡೆದರು, ಆದರೂ ನಡೆದರು. ಪೇಪರಿನಲ್ಲಿ ಅವರ ಹೆಸರು ಬರುವುದೇ ಕಡಿಮೆ.

ಮತಗಟ್ಟೆಯಲ್ಲಿ ನಾನು ಕಂಡ ದೊಡ್ಡ ಹೆದರಿಕೆ ಬಂದೂಕಿನದಲ್ಲ, ಶಾಯಿಯದು. ವಯಸ್ಸಾದ ಹೆಂಗಸೊಬ್ಬಳು ಬಂದಳು. ಗೋಂಡಿಯಲ್ಲಿ ಏನೋ ಹೇಳಿದಳು. ಅಲ್ಲಿಯವನೇ ಆದ ಸಿಬ್ಬಂದಿ ಹಿಂದಿಯಲ್ಲಿ ಹೇಳಿದ: ವೋಟು ಹಾಕ್ತಾಳಂತೆ, ಬೆರಳಿಗೆ ಗುರುತು ಬೇಡವಂತೆ. ಗುರುತು ಕಂಡರೆ ರಾತ್ರಿ ಬಂದು ಕೇಳುವವರಿದ್ದಾರೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ನಿಯಮದಲ್ಲಿ ಸ್ಪಷ್ಟವಾಗಿದೆ, ಶಾಯಿ ಹಚ್ಚಿಸಿಕೊಳ್ಳಲು ಒಪ್ಪದಿದ್ದರೆ ಮತ ಇಲ್ಲ. ಅಧಿಕಾರಿ ತಲೆ ತಗ್ಗಿಸಿ ಅದನ್ನೇ ಹೇಳಿದರು. ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಡಗೈ ತೋರುಬೆರಳು ಮುಂದೆ ಚಾಚಿದಳು. ವೋಟು ಹಾಕಿ ಹೊರಗೆ ಬಂದವಳೇ ಸೆರಗಿನ ತುದಿಯನ್ನು ಆ ಬೆರಳಿಗೆ ಸುತ್ತಿಕೊಂಡು ಹೊರಟಳು.

ಆ ಶಾಯಿ ಬರುವುದು ನಮ್ಮ ಮೈಸೂರಿನಿಂದ, ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಾರ್ಖಾನೆಯಿಂದ. 1962ರ ಚುನಾವಣೆಯಿಂದಲೂ ಅವರದೇ. ನಮ್ಮೂರಲ್ಲಿ ಅದೇ ಬೆರಳು ಎತ್ತಿ ಸೆಲ್ಫಿ ತೆಗೆದು ಸ್ಟೇಟಸ್ ಹಾಕುತ್ತಾರೆ. ತಪ್ಪು ಅಂತಲ್ಲ. ಹಾಕಲಿ ಬಿಡಿ.

ಮುಂದಿನ ವರ್ಷ ಲೋಕಸಭೆ. 2019ರ ಏಪ್ರಿಲ್ 9ರಂದು ಶ್ಯಾಮಗಿರಿ ಹತ್ತಿರ ಮಾವೋವಾದಿಗಳು ದಂತೇವಾಡದ ಶಾಸಕ ಭೀಮಾ ಮಂಡಾವಿ ಅವರ ಗಾಡಿಯನ್ನು ಸ್ಫೋಟಿಸಿ ಕೊಂದರು. 11ಕ್ಕೆ ಮತದಾನ ನಡೆದೇ ನಡೆಯಿತು.

ಈಗ ನಮ್ಮ ಹುಡುಗರ ವಿಷಯ. ಬೇರೆಯವರ ಮತಗಟ್ಟೆ ಕಾಯುವ ಜವಾನನ ಸ್ವಂತ ವೋಟು ಊರಿಗೆ ಬಂದು ಮುಟ್ಟುವುದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸೇನೆಯವರು, ಸಿಆರ್‌ಪಿಎಫ್, ಬಿಎಸ್‌ಎಫ್‌ನವರು ಸೇವಾ ಮತದಾರರು, ಅಂದರೆ ಡ್ಯೂಟಿ ಇರುವ ಕಡೆಯಿಂದಲೇ ಊರಿನ ಚುನಾವಣೆಗೆ ಅಂಚೆಯಲ್ಲಿ ಮತ ಹಾಕಬಹುದಾದವರು. ಫಾರ್ಮ್ 2 ತುಂಬಿ ಯೂನಿಟ್ ಮೂಲಕ ಕಳಿಸಿದರೆ ಊರಿನ ಮತಪಟ್ಟಿಯ ಕೊನೆಯ ಭಾಗದಲ್ಲಿ ಹೆಸರು ಸೇರುತ್ತದೆ. ಮತಪತ್ರ ಈಗ ಆನ್‌ಲೈನ್‌ನಲ್ಲಿ ಬರುತ್ತದೆ. ಒಟಿಪಿ, ಪಿನ್ ಹಾಕಿ ತೆರೆದು ಪ್ರಿಂಟ್ ತೆಗೆದು, ಗುರುತು ಹಾಕಿ ಸ್ಪೀಡ್ ಪೋಸ್ಟ್ ಮಾಡಬೇಕು. ಅಂಚೆ ಖರ್ಚು ಇಲ್ಲ. ಬರುವಾಗ ಇಂಟರ್‌ನೆಟ್, ಹೋಗುವಾಗ ಅಂಚೆ ಚೀಲ! ಕಷ್ಟ ಇರುವುದು ಈ ಹೋಗುವ ದಾರಿಯಲ್ಲೇ.

ಲೆಕ್ಕ ನೋಡಿ. 2023ರ ನಮ್ಮ ವಿಧಾನಸಭೆಗೆ ನಾಮಪತ್ರ ವಾಪಸ್ ಪಡೆಯುವ ಕೊನೆ ದಿನ ಏಪ್ರಿಲ್ 24, ಎಣಿಕೆ ಮೇ 13. ಮತಪತ್ರ ತಯಾರಾಗುವುದೇ 24ರ ನಂತರ. ಮೇ 13ರ ಬೆಳಿಗ್ಗೆ 8ರೊಳಗೆ ಅದು ಚುನಾವಣಾಧಿಕಾರಿ ಕೈಯಲ್ಲಿರಬೇಕು, ಒಂದು ನಿಮಿಷ ತಡವಾದರೂ ಲೆಕ್ಕಕ್ಕಿಲ್ಲ. ಒಳಗಿನ ಕ್ಯಾಂಪಿನಿಂದ ಅಂಚೆ ಹೊರಡುವುದು ಗಾಡಿಗಳ ಸಾಲು ಹೊರಟಾಗ, ಗಾಡಿ ಹೊರಡುವುದು ಆರ್‌ಓಪಿಯವರು, ಅಂದರೆ ಬಾಂಬ್ ಇದೆಯೇ ಅಂತ ಮುಂದೆ ಹೋಗಿ ದಾರಿ ನೋಡುವ ತಂಡದವರು (ರೋಡ್ ಓಪನಿಂಗ್ ಪಾರ್ಟಿ), ರಸ್ತೆ ತಪಾಸಣೆ ಮುಗಿಸಿದಾಗ. 2024ರ ಲೋಕಸಭೆಗೆ ಬೆಳಗಾವಿಯಲ್ಲಿ ಮೇ 7ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ, ಹಾಗಾಗಿ ಸಮಯ ಧಾರಾಳವಾಗಿತ್ತು. ವಿಧಾನಸಭೆಗೇ ಜಾಸ್ತಿ ಓಡಬೇಕು.

ನಾನು ಮಾಡುವುದು ಇಷ್ಟೇ. ರಜೆಗೆ ಬಂದವರ ಮೊಬೈಲ್ ನಂಬರ್, ಯೂನಿಟ್ ವಿಳಾಸ ಬರೆದಿಟ್ಟುಕೊಳ್ಳುತ್ತೇನೆ. ನಂಬರ್ ಬದಲಾದರೆ ಒಟಿಪಿ ಬರಲ್ಲ, ಅಲ್ಲಿಗೆ ಕಥೆ ಮುಗಿಯಿತು. ನಾಮಪತ್ರದ ಗಡುವು ಮುಗಿದ ಮರುದಿನವೇ ಎಲ್ಲರಿಗೂ ಫೋನ್. ಲಕೋಟೆ ವಿಷಯ ಎರಡು ಸಲ ಹೇಳುತ್ತೇನೆ: ಮತಪತ್ರ ಒಳಗಿನ ಲಕೋಟೆಗೆ, ಅಂದರೆ 13ಬಿಗೆ. ಸಾಹೇಬರ ಎದುರು ಸಹಿ ಮಾಡಿದ 13ಎ ಘೋಷಣೆ ಅದರೊಳಗೆ ಹೋಗಬಾರದು, ಹೊರಗಿನ 13ಸಿ ಲಕೋಟೆಯಲ್ಲಿ ಪ್ರತ್ಯೇಕ ಇರಬೇಕು. ಎರಡನ್ನೂ ಒಂದರಲ್ಲೇ ತುರುಕಿ ಅಂಟಿಸಿದರೆ ಎಣಿಕೆ ಟೇಬಲ್‌ನಲ್ಲಿ ತಿರಸ್ಕಾರ. ಒಬ್ಬ ಹುಡುಗ ಕೇಳಿದ, ‘ಕಾಕಾ, ಸರಿ ಹಾಕೇನಿ ಇಲ್ಲೋ ಫೋಟೋ ಕಳಸ್ಲಾ?’ ಬೇಡಪ್ಪಾ ಮಾರಾಯಾ, ಯಾರಿಗೆ ಹಾಕಿದಿ ಅನ್ನೋದು ನನಗೆ ಬೇಡ ಅಂದೆ.

ಮನೆಯವರ ಗೊಂದಲವೂ ಇದೆ. ಜವಾನನ ಜೊತೆ ಕ್ವಾರ್ಟರ್ಸ್‌ನಲ್ಲಿರುವ ಹೆಂಡತಿ ಸೇವಾ ಮತದಾರಳಾಗಬಹುದು. ಊರಲ್ಲೇ ಇರುವ ವೈನಿಯವರು ಎಲ್ಲರಂತೆ ಊರಿನ ಬೂತಿನಲ್ಲೇ ಹಾಕಬೇಕು. ಮಹಿಳಾ ಸಿಬ್ಬಂದಿಯ ಗಂಡನಿಗೆ ಈ ಸೌಲಭ್ಯ ಇರಲೇ ಇಲ್ಲ, 2021ರ ತಿದ್ದುಪಡಿಯಲ್ಲಿ ಸೇರಿಸಿದರು. ತಡವಾಯಿತು ಅನ್ನುವುದೇ ನನ್ನ ಅಭಿಪ್ರಾಯ.

ಇನ್ನು ನನ್ನಂಥ ನಿವೃತ್ತರು. ಪಿಂಚಣಿ ಕಾಗದ, ಬ್ಯಾಂಕು, ಆಸ್ಪತ್ರೆ ಕಾರ್ಡು ಅಂತ ಓಡಾಡುತ್ತಾರೆ, ಮತಪಟ್ಟಿ ಯಾರ ನೆನಪಿಗೂ ಬರುವುದಿಲ್ಲ. ಸೇವೆ ಮುಗಿದ ಮೇಲೆ ಸೇವಾ ಮತದಾರನೂ ಅಲ್ಲ, ಊರಿನ ಪಟ್ಟಿಯಲ್ಲೂ ಹೆಸರಿಲ್ಲ. ಫಾರ್ಮ್ 6 ತುಂಬಿ ಹೊಸದಾಗಿ ಸೇರಬೇಕು. ಅದಕ್ಕೇ ಯಾರಾದರೂ ನಿವೃತ್ತರಾಗಿ ಬಂದು ಊರಲ್ಲಿ ಮೆರವಣಿಗೆ, ಹಾರ, ಸನ್ಮಾನ ನಡೆಯುವಾಗ ನಾನು ಒಂದು ಫಾರ್ಮ್ 6 ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಹಾರ ಹಾಕಿದವರು ಹೋದ ಮೇಲೆ ಅಲ್ಲೇ ಕೂರಿಸಿ ತುಂಬಿಸುತ್ತೇನೆ.