ಚಿಲ್ಲರೆ ಚೀಲ ಸುರಿಯೋ ಮುಂಚೆ

ಸಂಗ್ರಹಕ್ಕೆ ಹಳೇ ನಾಣ್ಯ ಹುಡುಕಬೇಕು ಅಂತ ಬ್ಯಾಂಕಿನಿಂದ ಚಿಲ್ಲರೆ ಚೀಲ ತಂದು ನೆಲದ ಮೇಲೆ ಸುರಿದು, ಒಂದೊಂದೇ ನಾಣ್ಯದ ಇಸವಿ ಓದುತ್ತಾ ಕೂರೋದು, ನೂರು ಮುಗಿಯೋಷ್ಟರಲ್ಲಿ ಕಣ್ಣುಜ್ಜಿಕೊಂಡು "ಹಳೇದು ಒಂದೂ ಇಲ್ಲ" ಅಂತ ರಾಗ ಎಳೆಯೋದು. ಇರೋದಾದರೂ ಹೇಗೆ? ತಂದಿದ್ದು ನಾಣ್ಯ ಅಚ್ಚು ಹಾಕೋ ಟಂಕಸಾಲೆಯ ಸೀಲೂ ಒಡೆಯದ, ಒಂದೇ ಇಸವಿಯ ಹೊಸ ಚೀಲ! ಅಂಗಡಿಯವರು, ದೇವಸ್ಥಾನದವರು ಕಟ್ಟಿದ, ಕೈಯಿಂದ ಕೈಗೆ ಓಡಾಡಿದ ಚಿಲ್ಲರೆ ಬೇಕು ಅಂತ ಬಾಯಿಬಿಟ್ಟು ಕೇಳಿ. ತಿಂಗಳ ಮೊದಲ ವಾರದಲ್ಲಂತೂ ಹೋಗಿ ಕ್ಯಾಷಿಯರ್ ತಲೆ ತಿನ್ನಬೇಡಿ.

ಇಸವಿ ಓದೋದು ಕೊನೆಯ ಕೆಲಸ. ಮೊದಲು ಅಯಸ್ಕಾಂತ: ಸ್ಟೀಲ್ ನಾಣ್ಯ ಅದಕ್ಕೆ ಅಂಟುತ್ತೆ, ನಮಗೆ ಬೇಕಾದ ತಾಮ್ರ-ನಿಕ್ಕಲ್ ಬೆರಕೆಯ ಹಳೇದು ಅಂಟೋದಿಲ್ಲ. ಹಾಳಾದ ಸ್ಪೀಕರಿನದ್ದೇ ಸಾಕು. ಅದನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ. ಬಿದಿರಿನ ಮೊರದಲ್ಲಿ ಹಳೇ ಪಂಚೆ ತುಂಡು ಹಾಸಿ, ಅದರ ಮೇಲೆ ನಾಣ್ಯಗಳನ್ನು ಒಂದೇ ಪದರವಾಗಿ ಹರಡಿ. ಸ್ಟೀಲ್ ತಟ್ಟೆ ತರಬೇಡಿ, ಅಯಸ್ಕಾಂತ ಅದಕ್ಕೇ ಅಂಟಿದರೆ ಆಯಿತು ಕತೆ. ರಾಶಿಯ ಮೇಲೂ ಆಡಿಸಬೇಡಿ, ಅಂಟಿದ ಸ್ಟೀಲಿನ ಜೊತೆ ಒಳ್ಳೆಯದೂ ಸಿಕ್ಕಿಕೊಂಡು ಬರುತ್ತೆ. ಬೆರಳೆತ್ತರದಲ್ಲಿ ನಿಧಾನಕ್ಕೆ ಎರಡು ಸಲ ಆಡಿಸಿ. ಕವರನ್ನು ಬಕೆಟ್ಟಿನ ಮೇಲೆ ಹಿಡಿದು ಅಯಸ್ಕಾಂತ ಆಚೆ ಎಳೆದರೆ ಸ್ಟೀಲೆಲ್ಲ ಝಣಝಣ ಉದುರುತ್ತೆ. ಮೊರದಲ್ಲಿ ಉಳಿಯೋದು ತಾಮ್ರ-ನಿಕ್ಕಲ್ ಬೆರಕೆಯದು, ಜೊತೆಗೆ 2009ರಿಂದೀಚಿನ ಹಳದಿ ಐದು ರೂಪಾಯಿ. ಹಳದೀನ ಕೈಯಲ್ಲೇ ಆರಿಸಿ ಪಕ್ಕಕ್ಕಿಡಿ.

ಈಗ ಕನ್ನಡಕ ಹಾಕಿಕೊಳ್ಳಿ. 1975ರಿಂದ 1982ರ ರೂಪಾಯಿ 28 ಮಿಲಿಮೀಟರ್ ಅಗಲ, 8 ಗ್ರಾಂ. 1983ರಿಂದ 1991ರವರೆಗಿನದು 6 ಗ್ರಾಂ. ಅಂಗೈ ಮೇಲಿಟ್ಟರೆ ತೂಕವೇ ಹೇಳುತ್ತಿದ್ದ ಕಾಲ ಅದು, ಈಗಿನ ಬಿಲ್ಲೆಗಳ ಹಾಗಲ್ಲ. ಹನ್ನೊಂದು ಮೂಲೆಯ ಎರಡು ರೂಪಾಯಿಯಲ್ಲಿ ಭಾರತದ ನಕ್ಷೆ ಮಾಮೂಲು. ಬೋಸರೋ ಶಿವಾಜಿಯೋ ಇದ್ದರೆ ಎತ್ತಿಡಿ. ಬಕೆಟ್ಟನ್ನೂ ಒಮ್ಮೆ ಕೆದಕಿ: 1950, 1962ರ ರೂಪಾಯಿ ಶುದ್ಧ ನಿಕ್ಕಲ್, ಅದೂ ಅಂಟುತ್ತೆ. ಸಿಗೋದು ಅಪರೂಪ, ಆದರೆ ಅಗಲ ನೋಡಿದ ಕೂಡಲೇ ಗೊತ್ತಾಗುತ್ತೆ.

ಯಾವ ಟಂಕಸಾಲೆಯದು ಅಂತಲೂ ನೋಡಿ: ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ. ಏನೂ ಇಲ್ಲದ್ದು ಕೋಲ್ಕತ್ತದ್ದು ಕಣ್ರೋ, ಅದನ್ನು "ತಪ್ಪಾಗಿ ಅಚ್ಚಾದದ್ದು, ಲಕ್ಷ ಬೆಲೆ" ಅಂತ ಮೆರೆಸಬೇಡಿ. ನಿಮ್ಮ ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೋನ್ ಬಂದರೆ ಇಟ್ಟುಬಿಡಿ. 2021ರಲ್ಲೇ ಆ ಬ್ಯಾಂಕು ಇಂಥ ಮೋಸದ ಬಗ್ಗೆ ಎಚ್ಚರಿಸಿದೆ.

ಸಿಕ್ಕಿದ್ದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಿರೋ, ಬೆಲೆ ಹೋಯಿತು. ಹುಣಸೆಹಣ್ಣು ಹಿತ್ತಾಳೆ ಚೊಂಬಿಗೆ. ನಾಣ್ಯಕ್ಕೆ ಬರೀ ನೀರು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯೋದು, ಉಜ್ಜೋದಲ್ಲ.

ಉಳಿದದ್ದನ್ನು ಒಂದು, ಎರಡು, ಐದು ರೂಪಾಯಿ ಅಂತ ಬೇರೆಬೇರೆ ಮಾಡಿ, ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ಕಟ್ಟಿ ಬ್ಯಾಂಕಿಗೆ ಜಮಾ ಮಾಡಿ. ತೆಗೆದಿಟ್ಟುಕೊಂಡ ಜಾಗಕ್ಕೆ ಬೇರೆ ನಾಣ್ಯ ಹಾಕೋದು ಮರೆತು, ಕೌಂಟರಿನಲ್ಲಿ ಮೂರು ಕಮ್ಮಿ ಬಂದು ಪೆಚ್ಚಾಗಬೇಡಿ.