ಕೂತು ಆಡುವ ರೇಸಿಂಗ್ ಪೆಟ್ಟಿಗೆ: ಮೊದಲು ಕಬ್ಬಿಣ, ಆಮೇಲೆ ಪ್ಲೈವುಡ್

ಸೀಟಿನಲ್ಲಿ ಕೂತು ಸ್ಟಿಯರಿಂಗ್, ಪೆಡಲಿನಿಂದ ಕಾರ್ ರೇಸಿನ ವಿಡಿಯೋ ಗೇಮ್ ಆಡುವ ಈ ಪೆಟ್ಟಿಗೆ ಮಾಡಹೊರಟವರು ಸಾಮಾನ್ಯವಾಗಿ ಪ್ಲೈವುಡ್ಡಿಗೆ ಗರಗಸ ಹಾಕಿಯೇ ಶುರು ಮಾಡುತ್ತಾರೆ. ಅಲ್ಲೇ ಎಡವಟ್ಟಾಗುವುದು. ಬ್ರೇಕ್ ತುಳಿದಾಗ ಕಾಲು ಪೆಡಲನ್ನು ಮುಂದಕ್ಕೂ ಬೆನ್ನು ಸೀಟನ್ನು ಹಿಂದಕ್ಕೂ ದೂಡುತ್ತವೆ. ಎರಡೂ ಒಂದೇ ಚೌಕಟ್ಟಿಗೆ ಕಚ್ಚಿಕೊಂಡಿದ್ದರೆ ಆ ಬಲ ಅಲ್ಲೇ ತೀರುತ್ತದೆ. ಬೇರೆಬೇರೆ ಇದ್ದರೆ ಸೀಟು ಜಾರುತ್ತದೆ. ಮರಕ್ಕೆ ಬಿಗಿದಿದ್ದರೆ ಸ್ಕ್ರೂ ತೂತು ಅಗಲವಾಗಿ ಕಿರುಗುಟ್ಟಲು ಶುರು. ಹಾಗಾಗಿ ನನ್ನದರಲ್ಲಿ ಭಾರವೆಲ್ಲ ಕಬ್ಬಿಣದ್ದು, ಪ್ಲೈವುಡ್ ಬರೀ ಅಂಗಿ.

40×40 ಅಳತೆ, 2 ಮಿ.ಮೀ. ದಪ್ಪದ ಚೌಕ ಪೈಪು, 20 ಅಡಿಯವು ಎರಡು ಸಾಕು. ಮೊದಲನೆಯದರಲ್ಲಿ ಉದ್ದದ ಪಟ್ಟಿ 1500 ಮಿ.ಮೀ. ಎರಡು, ಟಿವಿ ಕಂಬ 1100ರವು ಎರಡು, ಸ್ಟಿಯರಿಂಗ್ ಕಂಬ 600ರದ್ದು ಒಂದು. ಎರಡನೆಯದರಲ್ಲಿ 520ರ ಅಡ್ಡಪಟ್ಟಿ ಆರು, ಇನ್ನೊಂದು ಸ್ಟಿಯರಿಂಗ್ ಕಂಬ, ಅದಕ್ಕೆ ಓರೆ ಆಸರೆ 450ರವು ಎರಡು. ಆಸರೆ ಬಿಟ್ಟರೆ ತಿರುವಿನಲ್ಲಿ ಸ್ಟಿಯರಿಂಗಿನೊಳಗಿನ ಮೋಟಾರು ಎಳೆದಾಗ ಕಂಬವೇ ಅಲ್ಲಾಡುತ್ತದೆ. ಬುಡದ ಹೊರ ಅಳತೆ 1500×600. ವೆಲ್ಡಿಂಗ್ ಅಂಗಡಿಯಲ್ಲಿ ಮೊದಲು ಚುಕ್ಕಿ ಬೆಸುಗೆ ಮಾತ್ರ ಹಾಕಿಸಿ ಎರಡೂ ಕರ್ಣ ಅಳೆಯಿರಿ. 1615 ಬಂದರೆ ಮೂಲೆ ಸರಿ. ಒಂದೇ ಮೂಲೆಯನ್ನು ಪೂರ್ತಿ ಬೆಸೆದು ಮುಂದಕ್ಕೆ ಹೋದರೆ ಕಾವಿಗೆ ಪೈಪು ಸೊಟ್ಟಗಾಗುತ್ತದೆ.

ಮನೆ ಬಾಗಿಲು ಮರೆಯಬೇಡಿ. ಟಿವಿ ಕಂಬ ನಿಂತ 1500ರ ಚೌಕಟ್ಟು ಒಳಕೋಣೆಯ ಬಾಗಿಲಲ್ಲಿ ತಿರುಗುವುದು ಕಷ್ಟ. ಉದ್ದದ ಪಟ್ಟಿಗಳನ್ನು ಮುಂಭಾಗ 850, ಹಿಂಭಾಗ 650 ಎಂದು ಕತ್ತರಿಸಿ, ಒಳಗೆ 35×35 ಪೈಪಿನ 300 ಮಿ.ಮೀ. ತುಂಡು ತೂರಿಸಿದೆ. ಲೆಕ್ಕದಲ್ಲಿ ಅರ್ಧರ್ಧ ಮಿ.ಮೀ. ಸಂದಿ ಇದೆ, ಆದರೂ ತೂರುವುದಿಲ್ಲ. ಪೈಪಿನ ಒಳಮೈಯಲ್ಲಿ ಉದ್ದಕ್ಕೂ ಬೆಸುಗೆಯ ಏಣು ಓಡಿರುತ್ತದೆ, ಅದು ಅಡ್ಡ ಬರುತ್ತದೆ. ಉದ್ದನೆಯ ಅರದಲ್ಲಿ 150 ಮಿ.ಮೀ. ಆಳದವರೆಗೆ ಉಜ್ಜಬೇಕು. ತೂರಿಸಿದ ಮೇಲೆ ಎರಡೂ ಪೈಪನ್ನು ಒಟ್ಟಿಗೇ ಕೊರೆದು ಪ್ರತಿ ಬದಿಗೆ ಎರಡೆರಡು 8 ಮಿ.ಮೀ. ಬೋಲ್ಟು. ಬೇರೆಬೇರೆ ಕೊರೆದರೆ ತೂತು ಕೂಡುವುದಿಲ್ಲ.

ಸೀಟು ಗುಜರಿಯಿಂದ ತರುವುದೇ ಲಾಭ, ಆದರೆ ಕೆಳಗಿನ ಸರಿಯುವ ಹಳಿಯ ಸಮೇತ ತನ್ನಿ. ಹಳಿಯ ಕಾಲುಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ತಗ್ಗಿದ ಕಡೆ ಪೈಪಿನ ತುಂಡಿಟ್ಟು ಎತ್ತರಿಸಬೇಕು. ಕೂತಾಗ ಮೆತ್ತೆ ನೆಲದಿಂದ ಸುಮಾರು 300, ಸ್ಟಿಯರಿಂಗಿನ ನಡು 700, ಟಿವಿಯ ನಡು 1000. ಬೆಸೆಯುವ ಮೊದಲು ಇಟ್ಟಿಗೆ, ರಟ್ಟು ಜೋಡಿಸಿ ಕೂತು ನೋಡಿ. ಕಣ್ಣಿನಿಂದ 700 ಮಿ.ಮೀ. ದೂರದಲ್ಲಿ 32 ಇಂಚಿನ ಟಿವಿ ಸುಮಾರು 54 ಡಿಗ್ರಿ ತುಂಬುತ್ತದೆ. ಟಿವಿಯನ್ನು ದೂರ ಸರಿಸಿದಷ್ಟೂ ವೇಗ ಸಪ್ಪೆ ಅನಿಸುತ್ತದೆ.

ಬ್ರೇಕಿಗೆ ಪೆಡಲು ಸರಿದ ದೂರ ಅಳೆಯುವ ಪೊಟೆನ್ಶಿಯೋಮೀಟರ್ ಬದಲು ತುಳಿತದ ಬಲ ಅಳೆಯುವ ಲೋಡ್ ಸೆಲ್ ಹಾಕಿದೆ, ಯಾಕೆಂದರೆ ನಿಜವಾದ ಕಾರಿನಲ್ಲಿ ಕಾಲು ನೆನಪಿಟ್ಟುಕೊಳ್ಳುವುದು ದೂರವನ್ನಲ್ಲ, ಒತ್ತಡವನ್ನು. ಪೆಡಲಿನ ಕೀಲಿನಿಂದ ಪಾದ ಊರುವ ಜಾಗಕ್ಕೆ 200 ಮಿ.ಮೀ., ಸೆಲ್ಲಿಗೆ 100 ಇದ್ದರೆ 30 ಕೆ.ಜಿ. ತುಳಿತ ಸೆಲ್ಲಿನ ಮೇಲೆ 60 ಆಗುತ್ತದೆ. 20 ಕೆ.ಜಿ.ಯ ಅಗ್ಗದ್ದು ಬಾಗಿ ಹಾಳಾಗುತ್ತದೆ, 100ರದ್ದೇ ತನ್ನಿ. ಸೆಲ್ಲಿನ ಮುಂದೆ ಕಾರಿನ ರಬ್ಬರ್ ಬುಷ್ ಇಟ್ಟರೆ ಪೆಡಲಿಗೆ ಒಂದಿಷ್ಟು ಓಟ ಸಿಗುತ್ತದೆ. ಸೆಲ್ಲಿನ ಸಂಕೇತ ಓದಲು ಎಚ್ಎಕ್ಸ್711 ಬೋರ್ಡು, ಅದನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಮುಟ್ಟಿಸಲು ಆರ್ಡುಯಿನೋ ಲಿಯೊನಾರ್ಡೊ ಎಂಬ ಪುಟ್ಟ ಬೋರ್ಡು. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯಲ್ಲಿ ಇಂಥವಕ್ಕೆ ಅಲೆದಾಡಬೇಕಿಲ್ಲ.

ಇಲ್ಲೊಂದು ಗುಟ್ಟಿದೆ. ಸಾಮಾನ್ಯವಾಗಿ ಸಿಗುವ ಎಚ್ಎಕ್ಸ್711 ಬೋರ್ಡಿನಲ್ಲಿ ಚಿಪ್ಪಿನ 15ನೇ ಕಾಲು (ಪಿನ್) ಗ್ರೌಂಡಿಗೆ ಸೇರಿರುತ್ತದೆ, ಆಗ ಸೆಕೆಂಡಿಗೆ 10 ಸಲ ಮಾತ್ರ ಓದುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಎರಡು ಓದಿನ ನಡುವೆ ಕಾರು ಐದೂವರೆ ಮೀಟರ್ ಓಡಿರುತ್ತದೆ. ಬ್ರೇಕು ‘ತಡವಾಗಿ ಹಿಡಿಯುತ್ತೆ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಸಣ್ಣ ಮೊನೆಯ ಸಾಲ್ಡರಿಂಗ್ ಐರನ್‌ನಿಂದ ಆ ಕಾಲನ್ನು ಎತ್ತಿ 16ನೇ ಕಾಲಿಗೆ, ಅಂದರೆ ಪಕ್ಕದ ಪವರಿಗೆ ಬೆಸೆದರೆ 80 ಸಲ ಓದುತ್ತದೆ.

ಅಂಗಿಗೆ 12 ಮಿ.ಮೀ. ಪ್ಲೈವುಡ್, 8×4 ಅಡಿಯದು ಒಂದೇ. 1150×850ರ ಎರಡು ಪಕ್ಕೆ ಕತ್ತರಿಸಿದ ಮೇಲೆ ಉಳಿಯುವ ಉದ್ದ ಪಟ್ಟಿಯಲ್ಲಿ ಡ್ಯಾಶ್‌ಬೋರ್ಡು, ತಲೆಹಲಗೆ ಎರಡೂ ಆಗುತ್ತವೆ. ಸೀಟಿನ ಭಾಗ ಬಯಲಾಗಿಯೇ ಇರಲಿ. ಪೈಪಿಗೂ ಹಲಗೆಗೂ ನಡುವೆ 3 ಮಿ.ಮೀ. ರಬ್ಬರ್ ಪಟ್ಟಿ ಇಡದಿದ್ದರೆ ಸ್ಪೀಕರಿನ ದಪ್ಪ ಸದ್ದಿಗೆ ಇಡೀ ಪೆಟ್ಟಿಗೆ ಗುಂಯ್‌ಗುಡುತ್ತದೆ. ಫೆವಿಕಾಲ್ ಬೇಡ, 6 ಮಿ.ಮೀ. ಬೋಲ್ಟೇ ಇರಲಿ, ಕಂಪ್ಯೂಟರ್ ಕೈಕೊಟ್ಟ ದಿನ ಬಿಚ್ಚಬೇಕಲ್ಲ. ಗಾಳಿಗೆ 120 ಮಿ.ಮೀ. ಫ್ಯಾನು ಎರಡು, ಒಂದು ಕೆಳಗೆ ಒಳಕ್ಕೆ, ಇನ್ನೊಂದು ಮೇಲೆ ಹೊರಕ್ಕೆ. ಚೌಕಟ್ಟಿಗೆ ಅರ್ಥ್ ತಂತಿ ಕಡ್ಡಾಯ.

1986ರ ‘ಔಟ್ ರನ್’ ಎಂಬ ಕಾರ್ ಆಟದ ದೊಡ್ಡ ಪೆಟ್ಟಿಗೆ ತಿರುವಿಗೆ ತಕ್ಕಂತೆ ಮೈಯನ್ನೇ ವಾಲಿಸುತ್ತಿತ್ತು, ಅದಕ್ಕೆ ನಾನು ಕೈಹಾಕಿಲ್ಲ. ಲಾಜಿಟೆಕ್ ಜಿ29 ಸ್ಟಿಯರಿಂಗ್ 900 ಡಿಗ್ರಿ ತಿರುಗುತ್ತದೆ. ಅಂಥ ಹಳೆಯ ಆಟಗಳಿಗೆ ಅಷ್ಟು ಬೇಡ, ತಂತ್ರಾಂಶದಲ್ಲಿ 270ಕ್ಕೆ ಇಳಿಸಿ. ಕರೆಂಟು ಕೊಟ್ಟೊಡನೆ ಅದು ತಾನೇ ಆ ತುದಿ ಈ ತುದಿ ತಿರುಗಿ ನಡು ಹುಡುಕುತ್ತದೆ. ಆಗ ಯಾರಾದರೂ ಹಿಡಿದುಕೊಂಡರೆ ನಡು ತಪ್ಪಿ, ನೇರ ರಸ್ತೆಯಲ್ಲೂ ಕಾರು ಒಂದು ಕಡೆಗೆ ಎಳೆಯುತ್ತದೆ. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸರಿಹೋಗುತ್ತದೆ.